ಕೆಳಗೆ ಬಿದ್ದಿದ್ದ ಲಿವರ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನೆಲ್ಯಾಡಿಯಿಂದ ಕಡಬದ ಕಡೆಗಿನ ಒಳದಾರಿಗಳಲ್ಲಿ ಪಿಕಪ್ಪು ಎಂದರೆ ಒಂದೇ, ಅದು ಈಪ್ಪನ್ ಅವರದು. ಮೂತಿ ಜೀಪಿನದು, ಬೆನ್ನು ಸಣ್ಣ ಲಾರಿಯದು. ಉತ್ತರದ ಯಾವುದೋ ಕಂಪೆನಿ ಮಾಡಿದ ಆ ಡೀಸೆಲ್ ಗಾಡಿಯನ್ನು ಅವರು ೧೯೮೨ರಲ್ಲಿ ಮಂಗಳೂರಿನ ಏಜೆನ್ಸಿಯಿಂದ ತಾವೇ ಓಡಿಸಿಕೊಂಡು ಬಂದರು. ಇಗರ್ಜಿಯ ಅಂಗಳದಲ್ಲಿ ಪಾದ್ರಿಗಳು ತೀರ್ಥ ಚಿಮುಕಿಸಿ ಆಶೀರ್ವದಿಸಿದರು. ನೆರೆಯ ಜತ್ತಪ್ಪ ಗೌಡರು ಅಷ್ಟಕ್ಕೆ ಬಿಡದೆ ನಾಲ್ಕೂ ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟರು. ಎರಡೂ ಕಡೆಯ ರಕ್ಷೆ ಇರಲಿ ಎಂದು ಈಪ್ಪನ್ ಬೇಡವೆನ್ನಲಿಲ್ಲ.

ಕೇರಳದ ಪಾಲಾ ಕಡೆಯಿಂದ ಅಪ್ಪನೊಂದಿಗೆ ಬಂದಾಗ ಅವರಿನ್ನೂ ಮೀಸೆ ಮೂಡದ ಹುಡುಗ. ಕಾಡು ಕಡಿದು ಮರಗೆಣಸು ನೆಟ್ಟು, ಆಮೇಲೆ ರಬ್ಬರು ನೆಟ್ಟು, ಜ್ವರದಲ್ಲಿ ಇಬ್ಬರು ತಮ್ಮಂದಿರನ್ನು ಮಣ್ಣು ಮಾಡಿ, ನಿಧಾನವಾಗಿ ಊರಿನವರಾದರು. ತುಳು ಕಲಿತರು, ಕನ್ನಡ ಓದಲು ಕಲಿತರು. ಐವತ್ತರ ಅಂಚಿಗೆ ಬಂದಾಗ ಕೈಗೆ ಬಂದದ್ದು ಈ ಗಾಡಿ. ಒಣಗಿದ ರಬ್ಬರ್ ಶೀಟಿನ ಕಟ್ಟು, ಅಡಿಕೆ ಗೋಣಿ, ಗೊಬ್ಬರ, ಹೆರಿಗೆ ನೋವಿನ ಹೆಂಗಸರು, ಪುತ್ತೂರಿನ ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದ ಹೆಣ, ಎಲ್ಲವೂ ಅದರ ಬೆನ್ನ ಮೇಲೇ. ಕೇಳಿ ಬಂದವರಿಗೆ ಇಲ್ಲ ಎಂದು ಅವರು ಹೇಳಿದ್ದಿಲ್ಲ. ಊರವರಿಗೆ ಅವರು ಪಿಕಪ್ಪಿನ ಈಪ್ಪಚ್ಚ.

ಗಾಡಿಗೆ ಕಾಯಿಲೆಗಳಿದ್ದವು. ಎಡಕ್ಕೆ ತಿರುಗಿಸಿದರೆ ಹಾರನ್ ತನ್ನಷ್ಟಕ್ಕೆ ಕೂಗುತ್ತಿತ್ತು. ಹೊಂಡಕ್ಕೆ ಇಳಿದರೆ ಎಡಬದಿಯ ಬಾಗಿಲು ತೆರೆದುಕೊಳ್ಳುತ್ತಿತ್ತು. ಅದಕ್ಕೊಂದು ತೆಂಗಿನ ಹುರಿಯ ಕುಣಿಕೆ ಹಾಕಿಕೊಂಡಿದ್ದರು. ಇಂಜಿನ್ ಬಿಸಿಯಾದ ಮೇಲೆ ಸೆಲ್ಫ್ ಹಿಡಿಯುತ್ತಿರಲಿಲ್ಲ. ಬಿಸಿ ಗಾಡಿಯನ್ನು ಬಂದ್ ಮಾಡಿದರೆ ಇಳಿಜಾರಿಗೆ ಬಿಟ್ಟು ಗೇರಿಗೆ ಹಾಕಿಯೇ ಎಬ್ಬಿಸಬೇಕು. ಇದನ್ನು ಯಾರೂ ದೋಷ ಎಂದು ಎಣಿಸಲಿಲ್ಲ. ಗುಡ್ಡದ ಊರಿನಲ್ಲಿ ಇಳಿಜಾರಿಗೆ ಬರವಿಲ್ಲ, ಸೆಲ್ಫ್ ಎಂತಕ್ಕೆ ಎಂದು ಈಪ್ಪನ್ ಅವರೇ ನಗುತ್ತಿದ್ದರು. ಏರಿನಲ್ಲಿ ಸಾಮಾನು ಹೇರಲು ನಿಲ್ಲಿಸುವಾಗ ಮಾತ್ರ ಇಂಜಿನ್ ಓಡುತ್ತಲೇ ಇರಬೇಕಿತ್ತು. ಗೇರು ತಪ್ಪಿಸಿ, ಹ್ಯಾಂಡ್‌ಬ್ರೇಕಿನ ಲಿವರ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು.

ಕಲ್ಲು ಕೊಡುವುದು ಆ ಕಡೆ ಉಸಿರಾಟದಷ್ಟು ಸಹಜ. ಜನ ಸಾಗಿಸುತ್ತಿದ್ದ ಸರ್ವಿಸ್ ಜೀಪುಗಳ ಕಾಲದಿಂದಲೂ ಅಷ್ಟೆ. ಹಳೆಯ ಜೀಪುಗಳಿಗೆ ಹ್ಯಾಂಡ್‌ಬ್ರೇಕ್ ಇದ್ದದ್ದು ಹೆಸರಿಗೆ. ಏರಿನಲ್ಲಿ ಜೀಪು ನಿಂತಿತೆಂದರೆ ಹಿಂದೆ ನೇತಾಡುತ್ತಿದ್ದವ ಯಾರೂ ಹೇಳದೆಯೇ ಹಾರಿ, ದಾರಿಬದಿಯ ಕಲ್ಲನ್ನು ಚಕ್ರಕ್ಕೆ ಒತ್ತಿ ಇಡುತ್ತಿದ್ದ. ಗಾಡಿ ಹೊರಟ ಮೇಲೆ ಅದನ್ನು ಬದಿಗೆ ಸರಿಸುವುದೂ ಅವನದೇ ಕೆಲಸ. ಪ್ರತಿ ಏರಿನ ಬದಿಯಲ್ಲೂ ಹಾಗೆ ಸವೆದ ಕಲ್ಲುಗಳು ಬಿದ್ದಿರುತ್ತಿದ್ದವು.

ಈಪ್ಪನ್ ಅವರ ಗಾಡಿಗೆ ಕಲ್ಲು ಕೊಡುತ್ತಿದ್ದವರು ಅವರ ಹೆಂಡತಿ ಮರಿಯಕುಟ್ಟಿ. ಸಣ್ಣ ಆಳು, ಚುರುಕು ಕಾಲು. ಮುಂಡಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದರೆಂದರೆ ಗಂಡ ಇಳಿದು ಬಾಗಿಲು ಹಾಕುವಷ್ಟರಲ್ಲಿ ಹಿಂದಿನಿಂದ "ಆಯ್ತು" ಎಂಬ ಕೂಗು ಕೇಳುತ್ತಿತ್ತು. ಆ ಕೂಗಿನ ಮೊದಲು ಹೇರುವಂತಿಲ್ಲ. ಕಡೆಯ ವರ್ಷದಲ್ಲಂತೂ ಈಪ್ಪನ್ ಸಮ ಅಂಗಳದಲ್ಲೂ ಕಲ್ಲು ಕೊಡಲು ಹೇಳುತ್ತಿದ್ದರು.

"ಸಮ ಜಾಗದಲ್ಲೂ ಕಲ್ಲಾ? ಹಗ್ಗ ಹರಿದು ಓಡಲಿಕ್ಕೆ ಇದೆಂತ ಕಳ್ಳ ದನವಾ?" ಎಂದು ಮರಿಯಕುಟ್ಟಿ ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡಿಯೂ ಕಲ್ಲು ಕೊಡುತ್ತಿದ್ದರು.

೧೯೮೪ರ ಡಿಸೆಂಬರಿನಲ್ಲಿ, ರಬ್ಬರ್ ಹಾಲು ಚೆನ್ನಾಗಿ ಬರುವ ಕಾಲದಲ್ಲಿ, ಒಂದು ಬೆಳಿಗ್ಗೆ ಅವರು ಔತನ ಮನೆಯ ಏರಿನಲ್ಲಿ ಶೀಟಿನ ಕಟ್ಟು ಹೇರಲು ನಿಲ್ಲಿಸಿದರು. ಔತ ಮರಿಯಕುಟ್ಟಿಯ ಸೋದರತ್ತೆಯ ಮಗ. ಗಾಡಿಯ ಮೂತಿ ಏರಿನ ಕಡೆಗೆ, ಹಿಂದೆ ತಿರುವಿನಲ್ಲಿ ಗೋಡೆಯಂತೆ ನಿಂತ ಮುರಕಲ್ಲಿನ ಬರೆ. ಈಪ್ಪನ್ ಲಿವರ್ ಎಳೆದರು, ಇಳಿದರು. ಮರಿಯಕುಟ್ಟಿ ಆಚೆ ಬದಿಯಿಂದ ಇಳಿದು ಕಲ್ಲು ತರಲು ಹಿಂದೆ ಹೋದರು. ಔತನಿಗೆ ಕೆಲಸದ ಅವಸರ. ಕೂಗು ಬರುವ ಮೊದಲೇ ಮೊದಲ ಕಟ್ಟನ್ನು ಎತ್ತಿ ಗಾಡಿಯ ಬೆನ್ನಿಗೆ ಎಸೆದ. ಗಾಡಿ ಒಮ್ಮೆ ಕುಲುಕಿತು. ಆಮೇಲೆ ಹಿಂದಕ್ಕೆ ಸರಿಯಿತು. ಹೆಚ್ಚು ದೂರವೇನೂ ಹೋಗಲಿಲ್ಲ, ಹೋಗಲು ಜಾಗವಿರಲಿಲ್ಲ. ಬರೆಗೂ ಗಾಡಿಗೂ ನಡುವೆ ಮರಿಯಕುಟ್ಟಿ ಬಗ್ಗಿದ್ದರು.

ಕೂಗು ಕೇಳಿ ಔತನ ಮನೆಯೊಳಗಿಂದ ಓಡಿ ಬಂದವರಲ್ಲಿ ಈಪ್ಪನ್ ಅವರ ಒಬ್ಬಳೇ ಮಗಳು ಲಿಸ್ಸಿಯೂ ಇದ್ದಳು. ಇಪ್ಪತ್ತರ ಹುಡುಗಿ, ಔತನ ಮಗಳು ಆಲೀಸಳ ಜೊತೆ ಮಾತಾಡುತ್ತಾ ಕೂತಿದ್ದಳು. ಗಂಡಸರು ಗಾಡಿಗೆ ಹೆಗಲು ಕೊಟ್ಟು ಮುಂದಕ್ಕೆ ತಳ್ಳಿದರು. ಅದು ಮತ್ತೆ ಹಿಂದಕ್ಕೆ ಬಾರದಂತೆ ಯಾರಾದರೂ ಒಳಗೆ ಹತ್ತಿ ಹ್ಯಾಂಡ್‌ಬ್ರೇಕ್ ಎಳೆಯಿರಿ ಎಂದು ಔತ ಕೂಗಿದ. ಹತ್ತಿದವಳು ಲಿಸ್ಸಿ. ಲಿವರ್ ನೆಲಕ್ಕೆ ತಾಗುವ ಹಾಗೆ ಕೆಳಗೆ ಮಲಗಿತ್ತು. ಅವಳು ಎರಡೂ ಕೈಯಿಂದ ಅದನ್ನು ಎಳೆದಳು. ಗಾಡಿ ನಿಂತಿತು.

ಮರಿಯಕುಟ್ಟಿ ಪುತ್ತೂರಿಗೆ ತಲುಪಲಿಲ್ಲ.

ಪೊಲೀಸರು ಬಂದರು, ಕೇಳಿದರು. ಹ್ಯಾಂಡ್‌ಬ್ರೇಕ್ ಹಾಕದೆ ಚಾಲಕ ಇಳಿದದ್ದರಿಂದ ಆದ ಸಾವು ಎಂದಾಯಿತು. ಈಪ್ಪನ್ ಎಳೆದಿದ್ದೇನೆ ಎಂದರು. ಹಾಗಾದರೆ ಲಿವರ್ ಕೆಳಗೆ ಹೇಗೆ ಬಂತು ಎಂದು ಕೇಳಿದಾಗಲೂ ಎಳೆದಿದ್ದೇನೆ ಎಂದಷ್ಟೇ ಹೇಳಿದರು. ಊರವರು ಅದನ್ನು ಮೃದುವಾಗಿಯೇ ಹೇಳುತ್ತಿದ್ದರು: ಪಾಪ, ಯಾರಿಗಾದರೂ ಮರೆವು ಆಗ್ತದೆ. ಆ ಮೃದುತನ ಅವರಿಗೆ ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತು. ಆದರೂ ಊರಿನ ಮಾತನ್ನು ಹೇಗಾದರೂ ತಡೆದುಕೊಂಡಾರು. ತಡೆಯಲಾಗದ್ದು ಮನೆಯ ಮೌನ. ಲಿಸ್ಸಿ ಗಂಜಿ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಶೀಟು ಒಣಗಿಸುವ ಹೊಗೆಮನೆಗೆ ಕಟ್ಟಿಗೆ ಹಾಕುತ್ತಿದ್ದಳು. ಅಪ್ಪನೊಡನೆ ಮಾತಿಲ್ಲ. ಏಳನೆಯ ದಿನದ ಪ್ರಾರ್ಥನೆ ಮುಗಿಸಿ ಬಂದ ಸಂಜೆ ಈಪ್ಪನ್ ಅವಳೆದುರು ಕೂತು, ಅಮ್ಮನ ಆಣೆ, ನಾನು ಎಳೆದಿದ್ದೆ ಎಂದರು.

"ಲಿವರ್ ಕೆಳಗಿತ್ತು, ಚಾಚ" ಎಂದಳು ಲಿಸ್ಸಿ. ಅಪ್ಪನನ್ನು ಅವಳು ಚಾಚ ಎಂದೂ ಅಮ್ಮನನ್ನು ಅಮ್ಮಚ್ಚಿ ಎಂದೂ ಕರೆಯುತ್ತಿದ್ದುದು. "ನಾನೇ ಎಳೆದದ್ದಲ್ವಾ."

ಅಷ್ಟು ಹೇಳಿ ಎದ್ದು ಹೋದಳು.

ಅಲ್ಲಿಂದ ಈಪ್ಪನ್ ಅವರ ಬದುಕಿಗೆ ಒಂದೇ ಕೆಲಸ ಉಳಿಯಿತು. ಎಳೆದ ಲಿವರ್ ತಾನಾಗಿ ಬೀಳುತ್ತದೆ ಎಂದು ಮಗಳಿಗೆ ತೋರಿಸುವುದು. ಅವರು ಅಂಗಳದಲ್ಲಿ ನಿಂತ ಗಾಡಿಯೊಳಗೆ ಕೂತು ಲಿವರ್ ಎಳೆಯುತ್ತಿದ್ದರು, ಬಿಡುತ್ತಿದ್ದರು, ಮತ್ತೆ ಎಳೆಯುತ್ತಿದ್ದರು. ಲಿವರಿನ ಬುಡದೊಳಗೆ ಒಂದು ಕೊಕ್ಕೆ ಕಬ್ಬಿಣದ ಹಲ್ಲುಗಳ ನಡುವಿನ ಸಂದಿಗೆ ಬಿದ್ದು ಕಚ್ಚಿಕೊಳ್ಳಬೇಕು. ಅಪರೂಪಕ್ಕೊಮ್ಮೆ ಅದು ಸಂದಿಗೆ ಬೀಳದೆ ಹಲ್ಲಿನ ತುದಿಯ ಮೇಲೆಯೇ ಕೂತುಬಿಡುತ್ತಿತ್ತು. ಕೈಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆಮೇಲೆ ಗಾಡಿಯನ್ನು ಜೋರಾಗಿ ಕುಲುಕಿದರೆ ಲಿವರ್ ಸದ್ದಿಲ್ಲದೆ ಮಲಗುತ್ತಿತ್ತು. ಲಿಸ್ಸಿಯನ್ನು ಕರೆದು ತೋರಿಸಲು ಹೋದ ದಿನ ಮಾತ್ರ ಎಷ್ಟು ಎಳೆದರೂ ಅದು ಬೀಳಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು, ಒಲೆಯಲ್ಲಿ ಅನ್ನ ಉಂಟು ಎಂದು ಒಳಗೆ ಹೋದಳು.

ಮಂಗಳೂರಿನ ಏಜೆನ್ಸಿಗೆ ಹೋದರು. ಅಲ್ಲಿನ ಇಂಜಿನಿಯರ್ ಸಭ್ಯ ಹುಡುಗ. ಕುಳ್ಳಿರಿಸಿ ಕೇಳಿದ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಿ ಏರಿನಲ್ಲಿ ನಿಲ್ಲಿಸಬಾರದು, ಇಂಜಿನ್ ಬಂದ್ ಮಾಡಿ ಗೇರಿಗೆ ಹಾಕಬೇಕು ಎಂದ. ಬಿಸಿಯಾದರೆ ಸೆಲ್ಫ್ ಹಿಡಿಯುವುದಿಲ್ಲ ಎಂದರು ಈಪ್ಪನ್. ಅದನ್ನು ಯಾವಾಗ ತಿಳಿಸಿದಿರಿ ಎಂದು ಕೇಳಿದ. ತಿಳಿಸಿರಲಿಲ್ಲ. ಬಾಗಿಲಿನದು? ಅದನ್ನೂ ತಿಳಿಸಿರಲಿಲ್ಲ, ಹಗ್ಗ ಕಟ್ಟಿಕೊಂಡಿದ್ದರು.

"ಈ ಮಾಡೆಲ್ ಇನ್ನೂ ಹಲವರ ಹತ್ತಿರ ಉಂಟು. ಹ್ಯಾಂಡ್‌ಬ್ರೇಕ್ ಬೀಳ್ತದೆ ಅಂತ ಈವರೆಗೆ ಒಬ್ಬರೂ ಹೇಳಿದ್ದಿಲ್ಲ" ಎಂದ ಆ ಹುಡುಗ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು.

ಹಾಗಾದರೆ ಆ ಹಲವರನ್ನು ಹುಡುಕಬೇಕು. ಮೊದಲು ಸಿಕ್ಕಿದ್ದು ಪುತ್ತೂರಿನ ಸಮದ್, ಅಡಿಕೆ ವ್ಯಾಪಾರಿ. ಅಂಗಡಿಯ ಎದುರು ಅದೇ ಬಣ್ಣದ ಅದೇ ಗಾಡಿ. ಈಪ್ಪನ್ ಸಂಕೋಚದಿಂದ, ನಿಮ್ಮ ಲಿವರ್ ಬೀಳುವುದುಂಟಾ ಎಂದು ಕೇಳಿದರು.

"ಬೀಳ್ತದಾ ಅಂತ ಎಂತ ಕೇಳುದು? ನಿಲ್ತದಾ ಅಂತ ಕೇಳಿ ಮಾರಾಯ್ರೆ" ಎಂದರು ಸಮದ್. ಬಾಗಿಲು ತೆರೆದು ತೋರಿಸಿದರು. ಸೀಟಿನ ಕಾಲಿಗೆ ಹಗ್ಗ, ಹಗ್ಗದ ತುದಿಗೆ ಲಿವರಿಗೆ ಸಿಕ್ಕಿಸುವ ಕುಣಿಕೆ. "ಎಮ್ಮೆ ಕಟ್ಟಿದ ಹಾಗೆ ಕಟ್ಟುದು. ಎರಡು ವರ್ಷ ಆಯ್ತು, ಓಡಿ ಹೋಗಲಿಲ್ಲ."

ಏಜೆನ್ಸಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಸಮದ್ ಅವರಿಗೆ ವಿಚಿತ್ರವಾಗಿ ಕಂಡಿತು. ಹಗ್ಗದಲ್ಲಿ ಮುಗಿಯುವ ಕೆಲಸಕ್ಕೆ ಮಂಗಳೂರಿಗೆ ಹೋಗುವವರು ಯಾರು? ಆದರೆ ಮರಿಯಕುಟ್ಟಿಯ ಸುದ್ದಿ ಕೇಳಿದ ಮೇಲೆ ಅವರ ನಗೆ ನಿಂತಿತು. ಮರುವಾರ ತಾವೇ ಗಾಡಿ ತೆಗೆದುಕೊಂಡು ಈಪ್ಪನ್ ಅವರ ಜೊತೆ ಮಂಗಳೂರಿಗೆ ಬಂದರು. ಬರುವ ಮೊದಲು ಗಾಡಿ ತೊಳೆಸಿ, ದೊಡ್ಡ ಜಾಗಕ್ಕೆ ಹಗ್ಗ ಕಟ್ಟಿದ ಗಾಡಿ ಒಯ್ಯುವುದು ಮರ್ಯಾದೆಯಲ್ಲ ಎಂದು ಕುಣಿಕೆ ಬಿಚ್ಚಿ ಬಿಸಾಡಿದ್ದರು. ಏಜೆನ್ಸಿಯ ಸಿಮೆಂಟು ನೆಲದಲ್ಲಿ ಇಂಜಿನಿಯರ್ ಲಿವರ್ ಎಳೆದ; ನಿಂತಿತು. ಮತ್ತೆ ಎಳೆದ; ಮತ್ತೂ ನಿಂತಿತು. ಇಬ್ಬರು ಆಳುಗಳನ್ನು ಕರೆದು ತಳ್ಳಿಸಿದ. ಗಾಡಿ ಅಲುಗಲಿಲ್ಲ. ಸಮದ್ ಹಗ್ಗದ ಕಥೆ ಹೇಳತೊಡಗಿದಾಗ, ಹಗ್ಗ ಎಲ್ಲಿ ಎಂದು ಆತ ಕೇಳಿದ.

ಹುಡುಕಿ ಸಿಕ್ಕವರಲ್ಲಿ ಉಳಿದದ್ದು ಸುಳ್ಯದ ಹತ್ತಿರ ಅಜ್ಜಾವರದ ಗೌರೀಶಂಕರ ಭಟ್ಟರು. ಅಡಿಕೆ ತೋಟದ ದೊಡ್ಡ ಕುಳ, ಮಾತು ಕಡಿಮೆ. ಈಪ್ಪನ್ ಬಸ್ಸಿಳಿದು ನಡೆದು ಹೋದಾಗ ಪಿಕಪ್ಪು ಅಂಗಳದಲ್ಲೇ ನಿಂತಿತ್ತು. ಜಗಲಿ ಹತ್ತುವ ಮೊದಲು ಅವರು ಗಾಜಿನೊಳಗೆ ಇಣುಕಿದರು. ಲಿವರಿನ ಕುತ್ತಿಗೆಗೂ ಸೀಟಿನ ಕಬ್ಬಿಣಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ತಲೆ ಎತ್ತಿದರೆ ಭಟ್ಟರು ಜಗಲಿಯಿಂದ ನೋಡುತ್ತಿದ್ದರು.

ಭಟ್ಟರ ಹೆಂಡತಿ ಸತ್ಯವತಿ ಮಜ್ಜಿಗೆ ತಂದಿಟ್ಟು ಬಾಗಿಲ ಬಳಿ ನಿಂತರು. ಈಪ್ಪನ್ ಎಲ್ಲವನ್ನೂ ಹೇಳಿದರು. ಬೇರೆಲ್ಲೂ ಹೇಳದ ಒಂದು ಸಂಗತಿಯನ್ನೂ ಅಲ್ಲಿ ಹೇಳಿದರು. ಭಟ್ಟರು ನಂಬಬೇಕಲ್ಲ. ಸಾವಿಗಿಂತ ಮೊದಲೂ ಲಿವರ್ ಎರಡು ಸಲ ಬಿದ್ದಿತ್ತು. ಒಮ್ಮೆ ಕಡಬದ ಸಂತೆಯಲ್ಲಿ, ಇನ್ನೊಮ್ಮೆ ಮನೆಯ ಹೊಗೆಮನೆಯ ಎದುರು. ಎರಡು ಸಲವೂ ಅವರು ಒಬ್ಬರೇ ಇದ್ದರು. ಹೊಸ ಗಾಡಿಯ ಹುಳುಕನ್ನು ಊರಿಗೆ ತೋರಿಸಬಾರದೆಂದು ಮನೆಯಲ್ಲೂ ಬಾಯಿ ಬಿಡಲಿಲ್ಲ. ಹೇಗೂ ಕಲ್ಲು ಉಂಟಲ್ಲ ಎಂದುಕೊಂಡರು. ನೀವು ಒಂದು ಮಾತು ಹೇಳಿದರೆ ಸಾಕು, ಕಂಪೆನಿಗೆ ಬೇಡ, ನನ್ನ ಮಗಳಿಗೆ ಹೇಳಿ ಎಂದು ಕೈಮುಗಿದರು.

ಭಟ್ಟರು ಎಲೆ ಅಡಿಕೆ ಮಡಚುತ್ತಾ ಕೇಳಿಸಿಕೊಂಡರು.

"ಈಪ್ಪಚ್ಚ, ನಿಮ್ಮ ದುಃಖ ಗೊತ್ತಾಗ್ತದೆ. ಆದ್ರೆ ನಿಮ್ಮ ಮನೆಯ ಕಿಚ್ಚನ್ನು ನನ್ನ ಚಪ್ಪರಕ್ಕೆ ತರುದು ಬೇಡ. ಗಾಡಿ ಮಾರಾಟಕ್ಕೆ ಮಾತಾಗಿದೆ. ಸುಳ್ಯದ ತ್ಯಾಂಪಣ್ಣ ಬಂದು ನೋಡಿ ಹೋಗಿದ್ದಾನೆ."

"ಆ ಟ್ಯೂಬು ಎಂತಕ್ಕೆ ಭಟ್ರೆ?"

"ಯಾವ ಟ್ಯೂಬು?" ಎಂದರು ಭಟ್ಟರು, ಕಣ್ಣು ತಗ್ಗಿಸದೆ.

ಈಪ್ಪನ್ ಮಜ್ಜಿಗೆ ಮುಟ್ಟದೆ ಎದ್ದು ಬಂದರು.

ಫೆಬ್ರವರಿ ಬಂತು. ರಬ್ಬರ್ ಎಲೆ ಉದುರಿ ತೋಟ ಬೋಳಾಯಿತು. ಅವರು ಗಾಡಿ ತೆಗೆಯುವುದನ್ನು ಬಿಟ್ಟಿದ್ದರು. ಕೇಳಿ ಬಂದವರಿಗೆ ಇಲ್ಲ ಎನ್ನಲು ಅಭ್ಯಾಸವಿರದ್ದರಿಂದ, ಯಾರಾದರೂ ಅಂಗಳಕ್ಕೆ ಬರುವುದು ಕಂಡರೆ ತೋಟದೊಳಗೆ ಇಳಿದುಬಿಡುತ್ತಿದ್ದರು. ಹಾಗೆ ಇಳಿಯಲು ಹೊರಟ ಒಂದು ಬೆಳಿಗ್ಗೆ ದಾರಿಯಲ್ಲಿ ಕೊಡೆ ಹಿಡಿದು ಬರುತ್ತಿದ್ದ ಹೆಂಗಸಿನ ಗುರುತು ಹತ್ತಿ ನಿಂತರು. ಸತ್ಯವತಿ. ಕಡಬದಲ್ಲಿ ತಂಗಿಯ ಮನೆಯ ಪೂಜೆಗೆಂದು ಬಂದವರು ಅಲ್ಲಿಂದ ವಿಚಾರಿಸಿಕೊಂಡು ಒಬ್ಬರೇ ಬಂದಿದ್ದರು. ಜಗಲಿಯಲ್ಲಿ ಕೂತರು. ಲಿಸ್ಸಿ ಎಳನೀರು ಕೆತ್ತಿ ಕೊಟ್ಟಳು. ಈ ಮನೆಯಲ್ಲಿ ಅವರು ಬೇರೇನೂ ಕುಡಿಯಲಾರರು ಎಂಬುದು ಹೇಳದೆಯೇ ಅವಳಿಗೆ ತಿಳಿದಿತ್ತು.

ಸತ್ಯವತಿ ಎಳನೀರನ್ನು ಪಕ್ಕಕ್ಕಿಟ್ಟು ಲಿಸ್ಸಿಯನ್ನು ಹತ್ತಿರ ಕರೆದರು.

"ಮಗಾ, ನಿನ್ನ ಅಪ್ಪ ಸುಳ್ಳು ಹೇಳುದಲ್ಲ. ನಮ್ಮ ಗಾಡಿದೂ ಬೀಳ್ತದೆ. ನಾನು ಒಳಗೆ ಕೂತಿರುವಾಗಲೇ ಬಿದ್ದಿದೆ, ನನ್ನ ಕಣ್ಣೆದುರು. ನೀರಿನ ತೋಡಿನ ಬದಿಗೆ ಹೋಗಿ ನಿಂತದ್ದು, ನಮ್ಮ ಪುಣ್ಯ. ಮರುದಿವಸ ಇವರು ಟ್ಯೂಬು ಬಿಗಿದ್ರು."

ಲಿಸ್ಸಿ ಕಂಬಕ್ಕೆ ಒರಗಿ ನಿಂತಿದ್ದಳು. ಈಪ್ಪನ್ ಮೆಟ್ಟಿಲ ಬಳಿ ನಿಂತಲ್ಲೇ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಎರಡು ತಿಂಗಳಿನಿಂದ ಅವರು ಬಾಗಿಲು ಬಾಗಿಲು ತಿರುಗಿದ್ದು ಈ ಮಾತಿಗಾಗಿ.

ಸತ್ಯವತಿ ಇನ್ನೂ ಹೇಳುತ್ತಿದ್ದರು. ಹುಡುಗಿಯ ಮನಸ್ಸಿಗೆ ಗಟ್ಟಿಯಾಗಲಿ ಎಂದು, ಒಳ್ಳೆಯದಕ್ಕೇ ಹೇಳಿದರು. ಅದು ಒಮ್ಮೆ ಬಿದ್ದದ್ದಲ್ಲವಂತೆ, ನಿನ್ನ ಅಪ್ಪನೇ ನಮ್ಮ ಜಗಲಿಯಲ್ಲಿ ಹೇಳಿದ್ದಾರೆ, ಮೊದಲೂ ಎರಡು ಸಲ ಬಿದ್ದಿತ್ತಂತೆ ಎಂದರು.

ಲಿಸ್ಸಿ ನಿಧಾನವಾಗಿ ಅಪ್ಪನ ಕಡೆ ತಿರುಗಿದಳು.

"ಬೀಳ್ತದೆ ಅಂತ ಅಮ್ಮಚ್ಚಿಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲವೆನ್ನಲು ಬದುಕಿರುವವರು ಯಾರೂ ಇರಲಿಲ್ಲ. ಈಪ್ಪನ್ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು, ಮತ್ತೆ ತೆಗೆದು ಕೈಯಲ್ಲಿ ಹಿಡಿದರು.

"ಇಲ್ಲ" ಎಂದರು. "ನಾನು ಹೇಳಿರಲಿಲ್ಲ. ಕಲ್ಲು ಕೊಡು ಅಂತ ಮಾತ್ರ ಹೇಳುದು."

ಸತ್ಯವತಿಗೆ ತಾವು ಏನು ಮಾಡಿಬಿಟ್ಟೆವು ಎಂಬುದು ಆಗ ತಿಳಿಯಿತು. ಲಿಸ್ಸಿ ಅಳಲಿಲ್ಲ, ಕೂಗಲಿಲ್ಲ. ಅಂಗಳದ ಗಾಡಿಯ ಕಡೆ ನೋಡಿ ಸತ್ಯವತಿಯನ್ನು ಕೇಳಿದಳು, ನಿಮ್ಮ ಗಾಡಿ ಈಗ ಎಲ್ಲಿದೆ ಎಂದು. ಹೋದ ವಾರ ತ್ಯಾಂಪಣ್ಣ ಒಯ್ದರು ಎಂದು ಉತ್ತರ ಬಂತು. ಟ್ಯೂಬು? ಒಯ್ಯುವ ಮುಂಚಿನ ದಿನ ಭಟ್ಟರು ಕತ್ತರಿಸಿ ತೆಗೆದರು. ತ್ಯಾಂಪಣ್ಣನಿಗೆ ವಿಷಯ ಹೇಳಿದ್ದಾರಾ ಎಂದಾಗ ಸತ್ಯವತಿ ಇಲ್ಲವೆಂದು ತಲೆ ಆಡಿಸಿದರು.

ಲಿಸ್ಸಿ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

"ಹೊರಡಿ ಚಾಚ. ಸುಳ್ಯಕ್ಕೆ ಹೋಗುವ."

ಅವರು ಬಸ್ಸಿನಲ್ಲಿ ಹೋದರು. ಅಪ್ಪ ಗಂಡಸರ ಸೀಟಿನಲ್ಲಿ, ಮಗಳು ಮುಂದೆ ಹೆಂಗಸರ ಸೀಟಿನಲ್ಲಿ. ಈಪ್ಪನ್ ಅವಳ ಬೆನ್ನನ್ನೇ ನೋಡುತ್ತಾ ಕೂತಿದ್ದರು. ಅವಳು ಒಮ್ಮೆಯೂ ಹಿಂತಿರುಗಲಿಲ್ಲ. ಪುತ್ತೂರಿನಲ್ಲಿ ಬಸ್ಸು ಬದಲಿಸುವಾಗ ಅವರು ಚಹಾ ಕುಡಿಯುವ ಎಂದರು. ಬೇಡ ಎಂದಳು.

ತ್ಯಾಂಪಣ್ಣ ಸುಳ್ಯ ಪೇಟೆಯ ಹೊರಗೆ ಕಟ್ಟಿಗೆ ಡಿಪೋ ಇಟ್ಟುಕೊಂಡಿದ್ದರು. ಪಿಕಪ್ಪು ಡಿಪೋದ ಇಳಿಜಾರಿನಲ್ಲಿ ನಿಂತಿತ್ತು, ಹಣೆಗೆ ಹೊಸ ಕುಂಕುಮ. ಕ್ಲೀನರ್ ಒಬ್ಬ ಹಿಂದಿನ ಚಕ್ರದ ಮಣ್ಣು ಕೆರೆಯುತ್ತಿದ್ದ. ಕಡಬ ಕಡೆಯವರು, ಗಾಡಿಯ ವಿಷಯ ಎಂದಾಗ ತ್ಯಾಂಪಣ್ಣ ಸಂಶಯದಿಂದಲೇ ಎದ್ದು ಬಂದರು. ವ್ಯಾಪಾರ ಮುಗಿದ ಮೇಲೆ ಗಾಡಿಗೆ ಬೇರೆ ಹಕ್ಕುದಾರರು ಹುಟ್ಟಿಕೊಂಡರೋ ಎಂಬಂತೆ ಇಬ್ಬರನ್ನೂ ನೋಡಿದರು.

"ಎಂತ ಸಮಾಚಾರ?"

ಈಪ್ಪನ್ ಬಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದಿದ್ದರು. ಆದರೆ ಹೇಳಿದವಳು ಲಿಸ್ಸಿ. ಅವಳ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ. ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಈ ಗಾಡಿಯ ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಬೀಳ್ತದೆ. ನಮ್ಮದೂ ಇದೇ ಗಾಡಿ. ನನ್ನ ಅಪ್ಪ ಎಳೆದೇ ಇಳಿದಿದ್ದರು. ಅದು ಬಿತ್ತು. ನನ್ನ ಅಮ್ಮ ತೀರಿಹೋದರು."

ಕ್ಲೀನರ್ ಕೆರೆಯುವುದನ್ನು ನಿಲ್ಲಿಸಿ ಎದ್ದ. ತನ್ನ ಅಪ್ಪ ಎಳೆದಿದ್ದರು ಎಂದು ಅವಳು ಹೇಳಿದ್ದು ಅದೇ ಮೊದಲು, ಅದೂ ಗುರುತಿಲ್ಲದವರ ಎದುರು. ಈಪ್ಪನ್ ಅವರ ಕೈ ಅರಿವಿಲ್ಲದೆ ಎದೆಯ ಶಿಲುಬೆಯ ಕಡೆ ಹೋಯಿತು. ಆದರೆ ಅವಳು ಮುಗಿಸಿರಲಿಲ್ಲ.

"ಬೀಳ್ತದೆ ಅಂತ ಅಪ್ಪನಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ಈಗ ನಿಮಗೆ ಗೊತ್ತಾಯ್ತು. ಇವರಿಗೂ ಸರಿಯಾಗಿ ಹೇಳಿ" ಎಂದು ಕ್ಲೀನರ್ ಕಡೆ ಕೈ ತೋರಿಸಿದಳು.

ತ್ಯಾಂಪಣ್ಣ ಹುಡುಗಿಯ ಮುಖ ನೋಡಿದರು, ಗಾಡಿಯನ್ನು ನೋಡಿದರು. ಇಂಥದ್ದನ್ನು ಹೆಣ್ಣುಮಕ್ಕಳ ಮಾತಿನ ಮೇಲೆ ನಂಬುವುದು ಹೇಗೆ ಎಂಬಂತೆ ಕಡೆಗೆ ಈಪ್ಪನ್ ಅವರ ಕಡೆ ತಿರುಗಿದರು.

"ಹೌದಾ ಮಾರಾಯ್ರೆ, ಇವಳು ಹೇಳುದು?"

"ಹೌದು" ಎಂದರು ಈಪ್ಪನ್. "ಎರಡೂ ಹೌದು."